ಬದಲಾವಣೆಯ ಹೊಣೆ: ಮೊದಲ ವಿಮಾನ ಎಂಜಿನ್‌ಗಳ ಪಿಸ್ಟನ್ನಿನಿಂದ ಒಂದು ನೀತಿವಿಚಾರ

ಸರಿಯಾಗಿ ನಡೆಯುತ್ತಿರುವುದನ್ನು ಕೆದಕಬಾರದು ಎಂದು ಹಿರಿಯರು ಹೇಳುತ್ತಾರೆ. ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಅದೇ ಹಿರಿಯರು ಬೇರೊಂದು ಸಂದರ್ಭದಲ್ಲಿ ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯವಿದೆ. ಆದುದರಿಂದಲೇ ಇಕ್ಕಟ್ಟಿನ ಹೊತ್ತಿನಲ್ಲಿ ಎರಡೂ ನಮಗೆ ದಾರಿ ತೋರುವುದಿಲ್ಲ. ಹಳತು ಹೊಸತುಗಳನ್ನು ಪರೀಕ್ಷಿಸಿಯೇ ಆರಿಸಿಕೊಳ್ಳಬೇಕೆಂಬ ವಿವೇಕವನ್ನು ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಸೂತ್ರಧಾರನ ಬಾಯಿಂದ ಹೇಳಿಸಿದ್ದಾನೆ. ಆದರೆ ನಾಟಕದ ಪರೀಕ್ಷೆಯಲ್ಲಿ ಸೋತರೆ ಒಂದು ಸಂಜೆ ವ್ಯರ್ಥವಾಗುತ್ತದೆ, ಅಷ್ಟೆ. ಪರೀಕ್ಷೆಯ ಫಲವನ್ನು ಉಣ್ಣುವವನು ಬೇರೊಬ್ಬನಾಗಿದ್ದು, ಅವನ ಪ್ರಾಣವೇ ಪಣವಾಗಿದ್ದರೆ ಏನು ಮಾಡಬೇಕು? ಆಗ ಬದಲಿಸುವ ಹಕ್ಕು ಯಾರಿಗಿದೆ? ಬದಲಿಸದೆ ಬಿಡುವ ಹಕ್ಕಾದರೂ ಯಾರಿಗಿದೆ? ಈ ಲೇಖನದ ವಿಷಯ ಇಷ್ಟೇ.

ನಾನು ವೃತ್ತಿಯಿಂದ ಉಪಾಧ್ಯಾಯ, ಯಂತ್ರಶಾಸ್ತ್ರ ಓದಿದವನಲ್ಲ. ಆದರೂ ಈ ಪ್ರಶ್ನೆಗೆ ಉದಾಹರಣೆಯಾಗಿ ಮೊದಲ ಕಾಲದ ವಿಮಾನ ಎಂಜಿನ್‌ಗಳ ಪಿಸ್ಟನ್ನನ್ನೂ ಅದರ ಪಿನ್ನನ್ನೂ ಆರಿಸಿಕೊಂಡಿದ್ದೇನೆ. ಕಾರಣ ಸರಳವಾಗಿದೆ. ಸಮಾಜದಲ್ಲಿ ಮಾಡಿದ ಬದಲಾವಣೆಯ ಫಲ ಕಾಣಿಸಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಅದನ್ನು ಮಾಡಿದವರು ನಿವೃತ್ತರಾಗಿರುತ್ತಾರೆ, ಇಲ್ಲವೇ ನೆಪ ಹೇಳುವುದನ್ನು ಕಲಿತಿರುತ್ತಾರೆ. ಆಕಾಶದಲ್ಲಿ ಓಡುವ ಎಂಜಿನ್ನಿನಲ್ಲಿ ಫಲವು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ಅಲ್ಲಿ ಮಾತಿನ ಚಾತುರ್ಯ ನಡೆಯುವುದಿಲ್ಲ. ಆದುದರಿಂದ ಹೊಣೆ ಎಂಬ ಪದದ ಅರ್ಥವನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಎಂಜಿನ್ನಿನ ಸಿಲಿಂಡರ್ ಎಂದರೆ ಒಂದು ಕೊಳವೆ. ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ, ತಲೆಕೆಳಗಾದ ಲೋಟದಂಥ ಭಾಗವೇ ಪಿಸ್ಟನ್. ಮೇಲೆ ಪೆಟ್ರೋಲಿನ ಆವಿ ಉರಿದಾಗ ಅದರ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆ ತಳ್ಳಿಕೆಯನ್ನು ಕನೆಕ್ಟಿಂಗ್ ರಾಡ್ ಎಂಬ ತೋಳು ಕ್ರ್ಯಾಂಕ್ ಶಾಫ್ಟಿಗೆ ಮುಟ್ಟಿಸುತ್ತದೆ. ಪಿಸ್ಟನ್ನಿಗೂ ಆ ತೋಳಿಗೂ ನಡುವೆ ಕೀಲಿನಂತೆ ಕೂರುವ, ಬೆರಳಿನಷ್ಟು ದಪ್ಪದ ಉಕ್ಕಿನ ತುಂಡೇ ಪಿನ್ನು. ಎಂಜಿನ್ನಿನ ಬಲವೆಲ್ಲ ಹಾದುಹೋಗುವುದು ಈ ಕೀಲಿನ ಮೂಲಕವೇ.

ನಿಮಿಷಕ್ಕೆ 1,200 ಸುತ್ತು ತಿರುಗುವ ಎಂಜಿನ್ನನ್ನು ಕಲ್ಪಿಸಿಕೊಳ್ಳಿ. ಸೆಕೆಂಡಿಗೆ 20 ಸುತ್ತು. ಪ್ರತಿ ಸುತ್ತಿನಲ್ಲಿಯೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ನಿಂತು ಹಿಂದಿರುಗಬೇಕು. ಎಂದರೆ ಸೆಕೆಂಡಿಗೆ 40 ಸಲ, ಒಂದು ಗಂಟೆಯ ಹಾರಾಟದಲ್ಲಿ 1,44,000 ಸಲ. ಓಡುವ ಎತ್ತನ್ನು ಹಗ್ಗ ಹಿಡಿದು ನಿಲ್ಲಿಸಿದಾಗ ತೋಳಿಗೆ ಬೀಳುವ ಸೆಳೆತವನ್ನು ಬಲ್ಲವರು ಪಿನ್ನಿನ ಪಾಡನ್ನು ಊಹಿಸಬಲ್ಲರು. ಪಿಸ್ಟನ್ ಭಾರವಾದಷ್ಟೂ ಸೆಳೆತ ಹೆಚ್ಚು. ವೇಗ ಇಮ್ಮಡಿಯಾದರೆ ಸೆಳೆತವು ನಾಲ್ಮಡಿಯಾಗುತ್ತದೆ. ಆದುದರಿಂದ ಪಿಸ್ಟನ್ನಿನಲ್ಲಿ ಇಳಿಸಿದ ಪ್ರತಿ ಗ್ರಾಂ ತೂಕವೂ ಪಿನ್ನಿಗೆ, ತೋಳಿಗೆ, ಬೇರಿಂಗಿಗೆ ದೊರೆತ ವಿಶ್ರಾಂತಿ. ಹಾಗಾದರೆ ತೂಕ ಇಳಿಸಿಬಿಡಬಹುದಲ್ಲ? ಇಲ್ಲಿಂದ ಕಷ್ಟ ಆರಂಭವಾಗುತ್ತದೆ.

ರೈಟ್ ಸಹೋದರರ 1903ರ ಎಂಜಿನ್ನನ್ನು ಅವರ ಸೈಕಲ್ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್ ಸುಮಾರು ಆರು ವಾರಗಳಲ್ಲಿ ಮಾಡಿದನು. ನಾಲ್ಕು ಸಿಲಿಂಡರ್, ಪಿಸ್ಟನ್‌ಗಳು ಬೀಡು ಕಬ್ಬಿಣದವು, ಹೊರಗಿನ ಒಡಲು ಮಾತ್ರ ಅಲ್ಯೂಮಿನಿಯಂ ಎರಕ. ಸುಮಾರು 180 ಪೌಂಡ್ ತೂಗುತ್ತಿದ್ದ ಅದು ಸುಮಾರು 12 ಅಶ್ವಶಕ್ತಿ ಕೊಡುತ್ತಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಪರೀಕ್ಷೆಯ ಹೊತ್ತಿನಲ್ಲಿ ಬೇರಿಂಗ್ ಬಿಗಿದುಕೊಂಡು ಒಡಲೇ ಒಡೆಯಿತು. ಹೊಸ ಎರಕಕ್ಕಾಗಿ ಅವರು ವಾರಗಟ್ಟಲೆ ಕಾದರು. ಕಡೆಗೆ ಡಿಸೆಂಬರ್ 17ರಂದು ಆರ್ವಿಲ್ 12 ಸೆಕೆಂಡು ಹಾರಿದನು. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡು ಗಾಳಿಯಲ್ಲಿದ್ದನು.

ನೀತಿಯ ದೃಷ್ಟಿಯಿಂದ ಇಲ್ಲಿ ಗಮನಿಸತಕ್ಕದ್ದು ಒಂದು ಸಂಗತಿ. ಯಂತ್ರದಲ್ಲಿ ಏನು ಬದಲಿಸಬೇಕೆಂದು ನಿರ್ಧರಿಸಿದವರೇ ಅದರ ಮೇಲೆ ಮಲಗಿ ಹಾರಿದರು. ಮೊದಲು ಯಾರು ಹಾರಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿಕೊಂಡರು. ನಿರ್ಣಯ ಮಾಡುವವನೂ ಅದರ ಫಲ ಉಣ್ಣುವವನೂ ಒಬ್ಬನೇ ಆಗಿದ್ದಾಗ ನೀತಿಯ ಪ್ರಶ್ನೆ ಅರ್ಧಕ್ಕರ್ಧ ತಾನಾಗಿಯೇ ಬಗೆಹರಿಯುತ್ತದೆ. ಅವನ ಭಯವೇ ಅವನಿಗೆ ಮೇಲ್ವಿಚಾರಕ.

ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಸ್ಥಿತಿ ಹೋಯಿತು. ಎಂಜಿನ್ನನ್ನು ಒಂದು ಊರಿನ ಕಾರ್ಖಾನೆ ಮಾಡುತ್ತಿತ್ತು. ಮತ್ತೊಂದು ದೇಶದ ಆಕಾಶದಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಅದನ್ನು ನಂಬಿ ಹಾರುತ್ತಿದ್ದನು. ನಿರ್ಣಯಕ್ಕೂ ಫಲಕ್ಕೂ ನಡುವೆ ಸಮುದ್ರವೇ ಬಂದಿತು. ಆಗ ನಡೆದ ಮೂರು ಬದಲಾವಣೆಗಳನ್ನು ತೂಗಿ ನೋಡೋಣ.

ಮೊದಲನೆಯದು ಫ್ರಾನ್ಸಿನ ಸೆಗ್ಯಾಂ ಸಹೋದರರ ‘ನೋಮ್’ ಎಂಜಿನ್ನಿನದು. ಇದು ವಿಚಿತ್ರವಾದ ಎಂಜಿನ್. ಇದರಲ್ಲಿ ಕ್ರ್ಯಾಂಕ್ ಶಾಫ್ಟ್ ಅಲುಗದೆ ನಿಲ್ಲುತ್ತದೆ. ಅದರ ಸುತ್ತ ಸಿಲಿಂಡರ್‌ಗಳೇ ತಿರುಗುತ್ತವೆ. ತಿರುಗುವಾಗ ಗಾಳಿ ಬಡಿದು ತಂಪಾಗುವುದರಿಂದ ನೀರಿನ ತೊಟ್ಟಿಯ ಭಾರ ಬೇಡ. ಜಾರುವಿಕೆಗೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕುಡಿಸುತ್ತಿದ್ದ ಔಡಲೆಣ್ಣೆಯನ್ನೇ ಬಳಸುತ್ತಿದ್ದರು. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಈ ಎಂಜಿನ್ನಿನ ಮೊದಲ ಮಾದರಿಗಳಲ್ಲಿ ಇಂಧನವು ಸಿಲಿಂಡರಿನೊಳಗೆ ಬರುವ ಕವಾಟವನ್ನು ಪಿಸ್ಟನ್ನಿನ ನೆತ್ತಿಯಲ್ಲಿಯೇ ಇಟ್ಟಿದ್ದರು. ಜಾಗವೂ ಉಳಿಯಿತು, ತೂಕವೂ ಉಳಿಯಿತು. ಆದರೆ ಆ ಕವಾಟ ಕಣ್ಣಿಗೆ ಬೀಳದ, ಕೈಗೆ ಎಟುಕದ ಜಾಗದಲ್ಲಿತ್ತು. ಒಮ್ಮೆ ಅದು ಮುಚ್ಚದೆ ಸಿಕ್ಕಿಕೊಂಡರೆ ಮೇಲಿನ ಜ್ವಾಲೆಯು ಕೆಳಗೆ ಇಂಧನ ತುಂಬಿದ ಒಡಲಿಗೆ ಹಾಯುತ್ತಿತ್ತು. ಮರ, ಬಟ್ಟೆಗಳಿಂದ ಮಾಡಿದ ವಿಮಾನದಲ್ಲಿ ಬೆಂಕಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

1913ರಲ್ಲಿ ಅವರು ಪಿಸ್ಟನ್ನಿನೊಳಗಿನ ಆ ಕವಾಟವನ್ನು ತೆಗೆದುಹಾಕಿದರು. ಸಿಲಿಂಡರಿನ ಬುಡದಲ್ಲಿ ರಂಧ್ರಗಳನ್ನು ಮಾಡಿ ಇಂಧನಕ್ಕೆ ಅಲ್ಲಿಂದ ದಾರಿ ಕೊಟ್ಟರು. ಒಂದೇ ಕವಾಟ ಎಂಬ ಅರ್ಥದ ‘ಮೊನೊಸುಪಾಪ್’ ಎಂಬ ಹೆಸರು ಅದಕ್ಕೆ ಬಂದಿತು. ಪಿಸ್ಟನ್ ಸರಳವಾಯಿತು, ಹಳೆಯ ಅಪಾಯ ಹೋಯಿತು. ಆದರೆ ಈ ಎಂಜಿನ್ನಿನ ವೇಗವನ್ನು ಇಂಧನ ಕಡಿಮೆ ಮಾಡಿ ಇಳಿಸುವುದು ಕಷ್ಟವಾಗಿತ್ತು. ನೆಲಕ್ಕಿಳಿಯುವಾಗ ಚಾಲಕನು ಕಿಡಿಯನ್ನು ಆಗಾಗ ಕಡಿದು ಮತ್ತೆ ಹಚ್ಚಬೇಕಾಗಿತ್ತು. ಕಿಡಿ ಇಲ್ಲದ ಆ ಕ್ಷಣಗಳಲ್ಲಿ ಉರಿಯದ ಇಂಧನ ಹೊರಬಂದು ಎಂಜಿನ್ನಿನ ಮುಚ್ಚಳದೊಳಗೆ ಸೇರಿಕೊಂಡು, ಮತ್ತೆ ಕಿಡಿ ಹತ್ತಿದಾಗ ಬೆಂಕಿ ಹೊತ್ತಿಕೊಳ್ಳುವ ಸಂಭವವಿತ್ತು. ಒಳಗಿನ ಬೆಂಕಿಯ ಭಯ ಹೋಗಿ ಹೊರಗಿನ ಬೆಂಕಿಯ ಭಯ ಬಂದಿತು. ಹಾಗೆಂದು ಈ ಬದಲಾವಣೆ ತಪ್ಪೆಂದು ನಾನು ಹೇಳಲಾರೆ. ಹೊಸ ಅಪಾಯವು ಚಾಲಕನಿಗೆ ತಿಳಿದಿತ್ತು. ಅವನ ಕೈಚಳಕಕ್ಕೆ ಸ್ವಲ್ಪಮಟ್ಟಿಗೆ ಒಳಪಟ್ಟಿತ್ತು. ಹಳೆಯದು ಅವನ ಅರಿವಿಗೂ ಕೈಗೂ ಮೀರಿದ್ದಾಗಿತ್ತು. ಬದಲಾವಣೆಯು ಅಪಾಯವನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಬೇರೊಂದು ಜಾಗಕ್ಕೆ ಸರಿಸುತ್ತದೆ. ಸರಿಸಿದ ಅಪಾಯ ಯಾರ ತಲೆಯ ಮೇಲೆ ಕುಳಿತಿತು, ಅದು ಅವನಿಗೆ ಗೊತ್ತೇ ಎಂದು ಕೇಳುವುದು ಬದಲಿಸುವವನ ಕರ್ತವ್ಯ.

ಎರಡನೆಯದು ಬೀಡು ಕಬ್ಬಿಣದಿಂದ ಅಲ್ಯೂಮಿನಿಯಮ್ಮಿಗೆ ಆದ ಬದಲಾವಣೆ. ಒಂದು ಘನ ಸೆಂಟಿಮೀಟರ್ ಬೀಡು ಕಬ್ಬಿಣ ಸುಮಾರು 7.2 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಇಷ್ಟು ಹಗುರವಾದ ಲೋಹವನ್ನು ಬಲ್ಲವರು ಏಕೆ ಬಳಸಲಿಲ್ಲ? ಅವರ ಹಿಂಜರಿಕೆಗೆ ಕಾರಣವಿತ್ತು. ಬೀಡು ಕಬ್ಬಿಣ ಕರಗುವುದು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಸಿಲಿಂಡರಿನೊಳಗಿನ ಜ್ವಾಲೆಯ ಶಾಖವೋ 2,000 ಡಿಗ್ರಿಯನ್ನು ಮೀರುತ್ತದೆ. ಬೆಣ್ಣೆಯ ಪಾತ್ರೆಯನ್ನು ಒಲೆಯ ಮೇಲೆ ಇಡುವವರುಂಟೆ?

ಇಂಗ್ಲೆಂಡಿನ ಡಬ್ಲ್ಯು. ಓ. ಬೆಂಟ್ಲಿ ಎಂಬ ತರುಣ ಎಂಜಿನಿಯರ್ ಫ್ರಾನ್ಸಿನ ಡಿ.ಎಫ್.ಪಿ. ಕಾರುಗಳನ್ನು ಮಾರುತ್ತಿದ್ದನು. 1913ರಲ್ಲಿ ಆ ಕಾರ್ಖಾನೆಗೆ ಹೋಗಿದ್ದಾಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ, ಪಿಸ್ಟನ್ನಿನ ಆಕಾರದ ಅಲ್ಯೂಮಿನಿಯಂ ತುಂಡೊಂದು ಅವನ ಕಣ್ಣಿಗೆ ಬಿದ್ದಿತು. ಸುಮಾರು 88 ಪಾಲು ಅಲ್ಯೂಮಿನಿಯಮ್ಮಿಗೆ 12 ಪಾಲು ತಾಮ್ರ ಬೆರೆಸಿದ ಮಿಶ್ರಲೋಹದಿಂದ ಪಿಸ್ಟನ್‌ಗಳನ್ನು ಮಾಡಿಸಿ ತನ್ನ ಕಾರಿನಲ್ಲಿ ಹಾಕಿ ಓಡಿಸಿದನು. ಅವು ಕರಗಲಿಲ್ಲ. ಏಕೆಂದರೆ ಅಲ್ಯೂಮಿನಿಯಂ ಬೀಡಿಗಿಂತ ಮೂರು ಪಟ್ಟಿನಷ್ಟು ಬೇಗ ಶಾಖವನ್ನು ಸಿಲಿಂಡರಿನ ಗೋಡೆಗೆ ಸಾಗಿಸಿಬಿಡುತ್ತದೆ. ಬೀಡಿನ ಪಿಸ್ಟನ್ ಶಾಖವನ್ನು ಹಿಡಿದಿಟ್ಟುಕೊಂಡು ಕೆಂಪಗಾಗುವ ಕಡೆ ಅಲ್ಯೂಮಿನಿಯಂ ಪಿಸ್ಟನ್ ತಣ್ಣಗೆ ಕೆಲಸ ಮಾಡುತ್ತದೆ. ಕರಗುವ ಬಿಂದುವೊಂದನ್ನೇ ನೋಡಿದವರು ಬೇಡವೆಂದರು. ಶಾಖದ ದಾರಿಯನ್ನೂ ನೋಡಿದವನು ಬೇಕೆಂದನು. ಒಂದೇ ಗುಣವನ್ನು ಹಿಡಿದು ತೀರ್ಪು ಕೊಡುವ ರೂಢಿ ಮನುಷ್ಯರನ್ನು ಕುರಿತು ಅಪಾಯಕಾರಿಯಾದಂತೆ ಲೋಹಗಳನ್ನು ಕುರಿತೂ ಅಪಾಯಕಾರಿ.

ಈ ಗುಟ್ಟನ್ನು ಬೆಂಟ್ಲಿ ಕೆಲಕಾಲ ತನ್ನಲ್ಲಿಯೇ ಇಟ್ಟುಕೊಂಡಿದ್ದನು. ಪಂದ್ಯಗಳಲ್ಲಿ ಗೆಲ್ಲಲು ಅದು ಅವನ ಬಂಡವಾಳ. ಅದರಲ್ಲಿ ದೋಷವೇನೂ ಇಲ್ಲ. ಆದರೆ 1914ರಲ್ಲಿ ಯುದ್ಧ ಬಂದಾಗ ಅವನು ನೌಕಾದಳದ ವಾಯುವಿಭಾಗವನ್ನು ಸೇರಿ, ತನಗೆ ತಿಳಿದದ್ದನ್ನು ರೋಲ್ಸ್ ರಾಯ್ಸ್ ಮತ್ತು ಸನ್‌ಬೀಮ್ ಕಾರ್ಖಾನೆಗಳಿಗೆ ಹೋಗಿ ತಿಳಿಸಿದನು. ರೋಲ್ಸ್ ರಾಯ್ಸ್‌ನ ‘ಈಗಲ್’ ಎಂಜಿನ್ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನು ತಳೆಯಿತು. ಅಂಥ ಎರಡು ಎಂಜಿನ್‌ಗಳೇ 1919ರ ಜೂನ್‌ನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅವರನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಎಲ್ಲಿಯೂ ಇಳಿಯದೆ ಒಯ್ದವು. ಆಟದಲ್ಲಿ ಗುಟ್ಟಾಗಿ ಇಡಬಹುದಾದ ತಿಳಿವು, ಇತರರ ಪ್ರಾಣಕ್ಕೆ ಸಂಬಂಧಿಸಿದಾಗ ಎಲ್ಲರ ಸ್ವತ್ತಾಗುತ್ತದೆ.

ಮುಂದೆ ನಡೆದದ್ದು ಇನ್ನೂ ವಿಚಾರಯೋಗ್ಯ. ‘ಕ್ಲೆರ್ಜೆ’ ಎಂಬ ತಿರುಗುವ ಎಂಜಿನ್ನಿನಲ್ಲಿ ಸಿಲಿಂಡರಿನ ಮುಂದಿನ ಮಗ್ಗುಲಿಗೆ ಗಾಳಿ ಚೆನ್ನಾಗಿ ಬಡಿಯುತ್ತಿತ್ತು, ಹಿಂದಿನ ಮಗ್ಗುಲು ಕಾಯುತ್ತಿತ್ತು. ಇದರಿಂದ ಗುಂಡಗಿನ ಕೊಳವೆ ಓರೆಯಾಗಿ ಮೊಟ್ಟೆಯಾಕಾರ ತಾಳುತ್ತಿತ್ತು. ಸಂದನ್ನು ಮುಚ್ಚಲು ಪಿಸ್ಟನ್ನಿಗೆ ತೊಡಿಸಿದ್ದ ತೆಳುವಾದ ಲೋಹದ ಬಳೆ ಬೇಗನೆ ಮುರಿಯುತ್ತಿತ್ತು. ಮುರಿದರೆ ಪಿಸ್ಟನ್ ಬಿಗಿದುಕೊಳ್ಳುವ ಭಯ. ಬೆಂಟ್ಲಿ ಕಚೇರಿಯಲ್ಲಿ ಕುಳಿತು ವರದಿ ಓದಲಿಲ್ಲ. ಫ್ರಾನ್ಸಿನ ರಣರಂಗದ ವಾಯುನೆಲೆಗಳಿಗೆ ಹೋಗಿ ಚಾಲಕರನ್ನೂ ಮೆಕ್ಯಾನಿಕ್‌ಗಳನ್ನೂ ಕೇಳಿ ತಿಳಿದನು. ಹಿಂದಿರುಗಿ, ಅಲ್ಯೂಮಿನಿಯಂ ಸಿಲಿಂಡರಿನೊಳಗೆ ಕಬ್ಬಿಣದ ಕೊಳವೆ ಕೂರಿಸಿ, ಅಲ್ಯೂಮಿನಿಯಂ ಪಿಸ್ಟನ್ ಹಾಕಬೇಕೆಂದು ತಯಾರಕರಿಗೆ ಸೂಚಿಸಿದನು. ಅವರು ಒಲವು ತೋರಲಿಲ್ಲ.

ಅವರನ್ನು ನಾವು ಸುಲಭವಾಗಿ ಖಳರನ್ನಾಗಿ ಮಾಡಬಾರದು. ಯುದ್ಧಕಾಲ, ಎಂಜಿನ್‌ಗಳಿಗೆ ದಿನವೂ ಬೇಡಿಕೆ. ಬದಲಾವಣೆ ಮಾಡುವುದೆಂದರೆ ಅಚ್ಚುಗಳನ್ನು, ಯಂತ್ರಗಳನ್ನು, ಕೆಲಸಗಾರರ ಕೈರೂಢಿಯನ್ನು ಬದಲಿಸಬೇಕು. ಅಷ್ಟು ದಿನ ಬರಬೇಕಾದ ಎಂಜಿನ್‌ಗಳು ಬರುವುದಿಲ್ಲ. ಗೊತ್ತಿರುವ ದೋಷವನ್ನು ಮೆಕ್ಯಾನಿಕ್ ಹೇಗೋ ನಿಭಾಯಿಸುತ್ತಾನೆ. ಗೊತ್ತಿಲ್ಲದ ದೋಷಕ್ಕೆ ಮದ್ದಿಲ್ಲ. ಈ ವಾದದಲ್ಲಿ ಹುರುಳಿದೆ. ಆದರೆ ಅದರಲ್ಲಿ ಒಂದು ಕೊರತೆಯೂ ಇದೆ. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ತಯಾರಾಗದ ಎಂಜಿನ್ ನಷ್ಟವೆಂದು ಬರೆಯಲ್ಪಡುತ್ತದೆ. ಬಳೆ ಮುರಿದು ಹಿಂದಿರುಗದ ಹುಡುಗನ ಲೆಕ್ಕ ಆ ಪುಸ್ತಕದಲ್ಲಿ ಬರುವುದೇ ಇಲ್ಲ. ಬದಲಿಸದೆ ಇರುವುದೂ ಒಂದು ನಿರ್ಣಯವೇ. ಅದಕ್ಕೂ ಬೆಲೆಯುಂಟು, ಅದನ್ನೂ ಯಾರೋ ತೆರುತ್ತಾರೆ. ಬದಲಿಸಿದವನ ತಪ್ಪು ಕಾಣುತ್ತದೆ, ಬದಲಿಸದವನ ತಪ್ಪು ಕಾಣುವುದಿಲ್ಲ ಎಂಬುದಷ್ಟೇ ಇವೆರಡರ ಅಂತರ. ಕಾಣದ ತಪ್ಪು ಹಗುರವೆಂದು ಭಾವಿಸುವುದು ಅಧಿಕಾರದಲ್ಲಿರುವವರ ಹಳೆಯ ದೌರ್ಬಲ್ಯ. ಕೊನೆಗೆ ಕವೆಂಟ್ರಿಯ ಹಂಬರ್ ಕಾರ್ಖಾನೆಯಲ್ಲಿ ಬೆಂಟ್ಲಿ ತನ್ನ ಎಂಜಿನ್ನನ್ನು ರೂಪಿಸಿದನು. ಬಿ.ಆರ್. 1 ಎಂಬ ಆ 150 ಅಶ್ವಶಕ್ತಿಯ ಎಂಜಿನ್ ಸಾಪ್‌ವಿತ್ ಕ್ಯಾಮಲ್ ವಿಮಾನಗಳಿಗೆ ಅಳವಟ್ಟು ಒಳ್ಳೆಯ ಹೆಸರು ಪಡೆಯಿತು.

ಮೂರನೆಯದು ಪಿನ್ನಿನ ಕಥೆ. ಒಂದು ಬದಲಾವಣೆ ಹೇಗೆ ಇನ್ನೊಂದನ್ನು ಬೇಡುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ಪಾಠ ಸಿಗದು. ಅಲ್ಯೂಮಿನಿಯಂ ಕಾದಾಗ ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದುದರಿಂದ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಹೆಚ್ಚು ಸಂದು ಬಿಡಬೇಕು. ಸಂದು ಬಿಟ್ಟರೆ ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುತ್ತದೆ, ಎಣ್ಣೆ ಮೇಲೇರುತ್ತದೆ. ಸಾಲದುದಕ್ಕೆ, ಪಿಸ್ಟನ್ನಿನಲ್ಲಿ ಪಿನ್ನು ಕೂರುವ ರಂಧ್ರವೂ ಹಿಗ್ಗುತ್ತದೆ. ಒಳಗಿನ ಉಕ್ಕಿನ ಪಿನ್ನು ಅಷ್ಟು ಹಿಗ್ಗುವುದಿಲ್ಲ. ತಣ್ಣಗಿರುವಾಗ ಬಿಗಿಯಾಗಿದ್ದ ಪಿನ್ನು ಎಂಜಿನ್ ಕಾದ ಮೇಲೆ ಸಡಿಲವಾಗಿ ಅತ್ತಿತ್ತ ಸರಿಯಬಲ್ಲುದು. ಸರಿದರೆ ಅದರ ಗಟ್ಟಿ ತುದಿ ಸಿಲಿಂಡರಿನ ಗೋಡೆಯನ್ನು ಉಳಿಯಂತೆ ಕೆತ್ತುತ್ತದೆ. ಸ್ಕ್ರೂ ಹಾಕಿ ಹಿಡಿಸಬಹುದು. ಸ್ಕ್ರೂ ಸಡಿಲವಾದರೆ ಮತ್ತದೇ ಗತಿ. ಕೊನೆಗೆ, ಪಿನ್ನನ್ನು ಎರಡು ಕಡೆಯೂ ತಿರುಗಲು ಬಿಟ್ಟು, ತುದಿಗಳಲ್ಲಿ ಮೆತು ಲೋಹದ ಬಿಲ್ಲೆಯನ್ನೋ ಉಕ್ಕಿನ ತಂತಿಯ ಬಳೆಯನ್ನೋ ಇಡುವ ಪದ್ಧತಿ ಬೆಳೆಯಿತು. ಬಿಗಿಯಾಗಿ ಹಿಡಿಯುವುದೇ ಭದ್ರತೆ ಎಂದುಕೊಂಡವರು, ಆಡಲು ಬಿಟ್ಟು ಎಲ್ಲೆಯನ್ನು ಕಾಯುವುದರಲ್ಲಿ ಭದ್ರತೆ ಕಂಡುಕೊಂಡರು.

ಪಿನ್ನಿನ ತೂಕ ಇಳಿಸುವುದಕ್ಕೂ ಒಂದು ಉಪಾಯವಿತ್ತು. ಅದನ್ನು ಬಿದಿರಿನಂತೆ ಟೊಳ್ಳು ಮಾಡುವುದು. ದಪ್ಪದ ಅರ್ಧದಷ್ಟು ಅಗಲದ ರಂಧ್ರ ಕೊರೆದರೆ ತೂಕದಲ್ಲಿ ನಾಲ್ಕನೆಯ ಒಂದು ಪಾಲು ಉಳಿಯುತ್ತದೆ. ಬಾಗದೆ ನಿಲ್ಲುವ ಗುಣದಲ್ಲಿ ಹೋಗುವುದು ಹದಿನಾರನೆಯ ಒಂದು ಪಾಲು ಮಾತ್ರ. ಇದು ಲಾಭದ ವ್ಯಾಪಾರ. ಹಾಗೆಂದು ಟೊಳ್ಳು ಎಲ್ಲೆಡೆಯೂ ಒಳ್ಳೆಯದೆಂದು ಸೂತ್ರ ಮಾಡಿಕೊಂಡರೆ ಮೋಸಹೋಗುತ್ತೇವೆ. ರೈಟ್ ಸಹೋದರರ ವಿಮಾನದ ಪ್ರೊಪೆಲರ್ ಶಾಫ್ಟ್‌ಗಳು ಮೊದಲು ಟೊಳ್ಳು ಕೊಳವೆಗಳೇ ಆಗಿದ್ದವು. 1903ರ ನವೆಂಬರ್ ಕೊನೆಯಲ್ಲಿ ಅದರಲ್ಲೊಂದು ಬಿರುಕು ಬಿಟ್ಟಿತು. ಆರ್ವಿಲ್ ಊರಿಗೆ ಹೋಗಿ ಘನವಾದ ಉಕ್ಕಿನ ಶಾಫ್ಟ್‌ಗಳನ್ನು ಮಾಡಿಸಿಕೊಂಡು ಬಂದ ಮೇಲೆಯೇ ಹಾರಾಟ ಸಾಧ್ಯವಾಯಿತು. ಒಂದೆಡೆ ಗುಣವಾದದ್ದು ಮತ್ತೊಂದೆಡೆ ದೋಷ. ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ಔಚಿತ್ಯವೆಂದು ಕರೆದದ್ದು ಕಮ್ಮಟದಲ್ಲಿಯೂ ಸಲ್ಲುತ್ತದೆ.

ಈ ಮೂರು ಪ್ರಸಂಗಗಳಿಂದ ನನಗೆ ತೋರುವುದು ಇದು. ಇತರರ ಪರವಾಗಿ ಬದಲಾವಣೆಯನ್ನು ತೂಗುವವನು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು. ನಾನು ಬದಲಿಸುವ ಭಾಗಕ್ಕೆ ಅಂಟಿಕೊಂಡಿರುವುದೆಲ್ಲವನ್ನೂ ನೋಡಿದ್ದೇನೆಯೇ? ಬದಲಿಸದಿದ್ದರೆ ಆಗುವ ನಷ್ಟವನ್ನೂ ಅದೇ ಪ್ರಾಮಾಣಿಕತೆಯಿಂದ ಲೆಕ್ಕಹಾಕಿದ್ದೇನೆಯೇ? ಫಲ ಉಣ್ಣುವವನ ಬಳಿಗೆ ಹೋಗಿ ಕೇಳಿದ್ದೇನೆಯೇ? ಅವನ ಪ್ರಾಣಕ್ಕೆ ಮೊದಲು ನನ್ನ ಶ್ರಮವನ್ನು ಪಣವೊಡ್ಡಿದ್ದೇನೆಯೇ? ಕೊನೆಯದರ ಅರ್ಥ ಪರೀಕ್ಷೆ. ಅಮೆರಿಕದ ಲಿಬರ್ಟಿ ಎಂಜಿನ್ 1917ರ ಆಗಸ್ಟ್‌ನಲ್ಲಿ ನೆಲದ ಮೇಲೆ 50 ಗಂಟೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ನೆಲದ ಮೇಲೆ ಒಡೆಯುವ ಪಿಸ್ಟನ್ ಯಾರನ್ನೂ ಕೊಲ್ಲುವುದಿಲ್ಲ. ತಯಾರಕನು ತಾನೇ ಹಾರಲಾರದ ಕಾಲದಲ್ಲಿ, ರೈಟ್ ಸಹೋದರರ ಭಯವು ಮಾಡುತ್ತಿದ್ದ ಕೆಲಸವನ್ನು ಪರೀಕ್ಷೆ, ದಾಖಲೆ, ಸಹಿಗಳು ಮಾಡಬೇಕಾಗುತ್ತದೆ.

ಈ ಕಥೆ ನಮ್ಮಿಂದ ತೀರ ದೂರದ್ದೇನೂ ಅಲ್ಲ. 1882ರಲ್ಲಿ ನಮ್ಮ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳನ್ನೂ ಎಂಜಿನ್‌ಗಳನ್ನೂ ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ಅಲ್ಲಿ ಪಿನ್ನೊಂದನ್ನು ಅಳೆದು ‘ನಡೆಯುತ್ತದೆ’ ಅಥವಾ ‘ನಡೆಯುವುದಿಲ್ಲ’ ಎಂದ ಕೆಲಸಗಾರನು ಆ ಚಾಲಕನ ಮುಖವನ್ನು ಎಂದೂ ನೋಡಿರಲಾರನು. ಕಾಣದವನಿಗೆ ಸಲ್ಲಿಸುವ ನಿಷ್ಠೆಯೇ ಹೊಣೆಯ ಶುದ್ಧ ರೂಪ.

ಗಡಿಯಾಚೆಯ ಕನ್ನಡಿಗರಾದ ನಮ್ಮ ಮುಂದೆ ಇಂಥದೇ ನಿರ್ಣಯವೊಂದಿದೆ. ಮಕ್ಕಳನ್ನು ಕನ್ನಡ ಶಾಲೆಯಲ್ಲಿಯೇ ಮುಂದುವರಿಸುವುದೋ, ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವುದೋ ಎಂಬ ಚರ್ಚೆ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುತ್ತದೆ. ಹೊಸತು ಎಂಬ ಕಾರಣಕ್ಕೆ ಒಬ್ಬರು ಬದಲಿಸುತ್ತಾರೆ. ಅಭಿಮಾನದ ಕಾರಣಕ್ಕೆ ಇನ್ನೊಬ್ಬರು ಬದಲಿಸುವುದಿಲ್ಲ. ಫಲ ಉಣ್ಣುವವನು ಆರು ವರ್ಷದ ಮಗು. ಉದ್ಯೋಗವೆಂಬ ಒಂದೇ ಗುಣವನ್ನು ನೋಡಿ ಮಾಧ್ಯಮ ಬದಲಿಸಿದವರು, ಅಜ್ಜಿಯೊಡನೆ ಮಗುವಿನ ಮಾತು ನಿಂತುಹೋಗುವುದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕನ್ನಡವೇ ಇರಲಿ ಎಂದು ಹಟ ಹಿಡಿದವರು, ಆ ಶಾಲೆಯಲ್ಲಿ ಗಣಿತಕ್ಕೆ ಉಪಾಧ್ಯಾಯರಿದ್ದಾರೆಯೇ ಎಂದು ಒಂದು ದಿನವೂ ಹೋಗಿ ನೋಡಿರುವುದಿಲ್ಲ. ಅಭಿಮಾನವು ಶಾಲೆಯ ಹೊಸ್ತಿಲು ದಾಟಿ ಒಳಗೆ ಬರಬೇಕು; ಬೆಂಚಿನ ಮೇಲೆ ಕುಳಿತಿರುವವನನ್ನು ಕೇಳಬೇಕು. ಮನೆಯಲ್ಲಿ ಕನ್ನಡ ಓದಿಸುವ ಶ್ರಮವನ್ನು ತಂದೆತಾಯಿಗಳು ಪಣವೊಡ್ಡದೆ, ಶಾಲೆಯೇ ಎಲ್ಲವನ್ನೂ ಮಾಡಲೆಂದು ಬಿಟ್ಟರೆ, ಅದು ನೆಲದ ಪರೀಕ್ಷೆಯಿಲ್ಲದೆ ಎಂಜಿನ್ನನ್ನು ಆಕಾಶಕ್ಕೆ ಕಳುಹಿಸಿದಂತೆ.

ಯಾವ ನಿರ್ಣಯ ಸರಿ ಎಂದು ಎಲ್ಲ ಮನೆಗಳಿಗೂ ಸಲ್ಲುವ ಒಂದೇ ಉತ್ತರವನ್ನು ನಾನು ಕೊಡಲಾರೆ. ಪ್ರತಿ ಎಂಜಿನ್ನಿಗೂ ಒಂದೇ ಪಿಸ್ಟನ್ ಹೊಂದುವುದಿಲ್ಲ. ಆದರೆ ತೂಗುವ ಕ್ರಮ ಎಲ್ಲರಿಗೂ ಒಂದೇ. ಈ ಸಮ್ಮೇಳನದ ಗೋಷ್ಠಿಗಳಲ್ಲಿ ನಮ್ಮ ಶಾಲೆಗಳ ಪ್ರಶ್ನೆ ಬಂದಾಗ, ಠರಾವು ಮಂಡಿಸುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಉತ್ತರಗಳನ್ನು ಬರೆದಿಟ್ಟು, ಮುಂದಿನ ವರ್ಷ ಮತ್ತೆ ತೆರೆದು ನೋಡುವ ಧೈರ್ಯವನ್ನೂ ಮಾಡೋಣ.